ಮೊದಲು ಬಾಯ್ಲರ್, ಆಮೇಲೆ ಅಡುಗೆಮನೆ

ಹೋದ ಚಳಿಗಾಲದ ಮೂರು ತಿಂಗಳು ನಾನೂ ನಮ್ಮಾಕೆಯೂ ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದೆವು. ಎರಡು ವರ್ಷದ ಹಿಂದೆ ಅವರು ಕೊಂಡ ಹಳೆಯ ಮನೆ ಅದು. ನಾವು ಹೋಗಿ ಇಳಿದ ದಿನದಿಂದ ಅಲ್ಲಿ ಒಂದೇ ಮಾತು, ಹೊಸ ಅಡುಗೆಮನೆಯದು. ಊಟದ ಮೇಜಿನ ತುಂಬ ಕಪಾಟಿನ ಬಾಗಿಲುಗಳ ಮಾದರಿ ಚೂರುಗಳು ಹರಡಿರುತ್ತಿದ್ದವು. ಮಗಳಿಗೆ ತಿಳಿಹಸಿರು ಬೇಕು, ಅಳಿಯನಿಗೆ ಬಿಳಿ. ನಮ್ಮಾಕೆಯದು ಬೇರೆಯೇ ಬೇಡಿಕೆ. ಬಣ್ಣ ಯಾವುದಾದರೂ ಆದೀತು, ಅರಿಶಿನ ಮೆತ್ತಿದರೆ ಕಾಣಬಾರದು. ಒಗ್ಗರಣೆ ಹೊಗೆಯನ್ನು ಒಂದೇ ಉಸಿರಿಗೆ ಹೊರಗೆಳೆಯುವ ದೊಡ್ಡ ಚಿಮಣಿ ಮಾತ್ರ ಇರಲೇಬೇಕು. ಚಳಿಗೆ ಕಿಟಕಿ ತೆರೆಯುವಂತಿಲ್ಲ, ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ತಲೆ ಸಿಡಿಯುತ್ತದೆ ಎಂದು ಆಕೆ ದಿನವೂ ಹೇಳುತ್ತಿದ್ದಳು. ಚಳಿ ಹೊಸದು, ಅದಕ್ಕೇ ಇರಬೇಕು ಎಂದು ನಾವೆಲ್ಲ ಸಮಾಧಾನ ಹೇಳುತ್ತಿದ್ದೆವು.

ಈ ಚರ್ಚೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದವನು ಒಬ್ಬನಿದ್ದ. ಅಡುಗೆಮನೆಯ ಮೂಲೆಯಲ್ಲಿ ಬಿಳಿ ತಗಡಿನ ಅಂಗಿ ತೊಟ್ಟು ಗೋಡೆಗೆ ಆತುಕೊಂಡಿದ್ದ ಗ್ಯಾಸ್ ಬಾಯ್ಲರ್. ಮನೆಯ ಹಿಂದಿನ ಮಾಲೀಕರು ಬಿಟ್ಟುಹೋದ ಕಾಗದಗಳ ಪ್ರಕಾರ ವಯಸ್ಸು 28 ವರ್ಷ.

ನಮ್ಮಲ್ಲಿ ಬಾಯ್ಲರ್ ಎಂದರೆ ಬಚ್ಚಲ ಹಂಡೆಯೋ ಅಕ್ಕಿ ಗಿರಣಿಯ ಯಂತ್ರವೋ ನೆನಪಾಗುತ್ತದೆ. ಬ್ರಿಟನ್ನಿನ ಮನೆಗಳಲ್ಲಿ ಅದು ಮನೆಯ ಹೃದಯವಿದ್ದಂತೆ. ಬೀದಿಯ ಕೊಳವೆಯಿಂದ ಬರುವ ಗ್ಯಾಸನ್ನು ಉರಿಸಿ ನೀರು ಕಾಯಿಸುತ್ತದೆ. ಆ ಬಿಸಿನೀರು ಕೋಣೆ ಕೋಣೆಯ ಗೋಡೆಗೆ ಹಾಕಿರುವ ರೇಡಿಯೇಟರುಗಳಲ್ಲಿ ಸುತ್ತಿ, ಮನೆಯನ್ನು ಬೆಚ್ಚಗಾಗಿಸಿ, ತಣ್ಣಗಾಗಿ ವಾಪಸು ಬರುತ್ತದೆ. ಸ್ನಾನಕ್ಕೆ, ಪಾತ್ರೆಗೆ ಬಿಸಿನೀರು ಕೊಡುವುದೂ ಅದೇ. ಎರಡು ಕೋಟಿಗೂ ಹೆಚ್ಚು ಮನೆಗಳು ಅಲ್ಲಿ ಹೀಗೆ ಬದುಕುತ್ತಿವೆ.

ಅಡುಗೆಮನೆ ಮಾಡಿಕೊಡುವ ಅಂಗಡಿಯವರು ಬರೆದುಕೊಟ್ಟ ನಕ್ಷೆಯಲ್ಲಿ ಆ ಬಾಯ್ಲರ್ ಕಾಣೆಯಾಗಿತ್ತು. ಅದರ ಸುತ್ತ ನೆಲದಿಂದ ಸೂರಿನವರೆಗೆ ಚೆಂದದ ಕಪಾಟು. ‘ನೋಡಿ ಅಪ್ಪ, ಮುದುಕ ಒಳಗೆ ಕೂತಿರುತ್ತಾನೆ, ಯಾರಿಗೂ ಕಾಣುವುದಿಲ್ಲ’ ಎಂದಳು ಮಗಳು. ‘28 ವರ್ಷ ಆಯಿತಲ್ಲಮ್ಮ, ಹೊಸದು ಹಾಕಿಸಬಾರದೆ?’ ಎಂದೆ. ‘ಇನ್ನೂ ಚೆನ್ನಾಗಿ ಉರಿಯುತ್ತಿದೆ. ಮೂರು ಸಾವಿರ ಪೌಂಡು ಅದಕ್ಕೆ ಹಾಕಿದರೆ ಕಪಾಟಿಗೆ ಎಲ್ಲಿಂದ ತರಲಿ? ಕೆಟ್ಟಾಗ ನೋಡೋಣ’ ಎಂದಳು. ಮನೆ ನಡೆಸುವವರ ಈ ಲೆಕ್ಕ ನನಗೆ ಹೊಸದಲ್ಲ. ನಾನೂ ಹಾಗೇ ಮಾಡಿದವನು. ಸುಮ್ಮನಾದೆ.

ಹೊಸ ಒಲೆಯ ಜಾಗ ಬದಲಾಗುತ್ತಿದ್ದುದರಿಂದ ಅದಕ್ಕೆ ಹೋಗುವ ಗ್ಯಾಸ್ ಕೊಳವೆಯನ್ನೂ ಸರಿಸಬೇಕಿತ್ತು. ಅಲ್ಲಿ ಗ್ಯಾಸ್ ಕೊಳವೆ, ಬಾಯ್ಲರುಗಳ ಕೆಲಸಕ್ಕೆ ಸಿಕ್ಕ ಸಿಕ್ಕ ಪ್ಲಂಬರನ್ನು ಕರೆಯುವಂತಿಲ್ಲ. ‘ಗ್ಯಾಸ್ ಸೇಫ್ ರಿಜಿಸ್ಟರ್’ ಎಂಬ ಪಟ್ಟಿಯಲ್ಲಿ ಹೆಸರಿದ್ದವರೇ ಮಾಡಬೇಕು. 2009ರ ಏಪ್ರಿಲ್‌ನಿಂದ ಇರುವ ವ್ಯವಸ್ಥೆ ಇದು. ಹೀಗೆ ಒಂದು ಬೆಳಿಗ್ಗೆ ಅರವತ್ತರ ಆಸುಪಾಸಿನ ಒಬ್ಬ ಕೆಲಸಗಾರರು ಬಂದರು. ಬಂದವರೇ ಗುರುತಿನ ಚೀಟಿ ತೋರಿಸಿದರು. ಅದರ ಹಿಂಬದಿಯಲ್ಲಿ ಅವರು ಯಾವ ಯಾವ ಕೆಲಸಕ್ಕೆ ಅರ್ಹರು ಎಂದು ಬರೆದಿರುತ್ತದೆ, ಅದನ್ನು ತಿರುಗಿಸಿ ಓದಬೇಕು ಎಂದು ಅವರೇ ಹೇಳಿಕೊಟ್ಟರು.

ಕೊಳವೆ ನೋಡಲು ಬಂದವರ ಕಣ್ಣು ಬಾಯ್ಲರಿನ ಮೇಲೆ ಬಿತ್ತು. ಅದರ ತಗಡಿನ ಮೇಲಂಚಿನಲ್ಲಿ ಕಂದುಬಣ್ಣದ ಕಲೆ ಇತ್ತು. ಅಡುಗೆಯ ಜಿಡ್ಡು ಎಂದುಕೊಂಡು ನಮ್ಮಾಕೆ ಅದನ್ನು ಎರಡು ಸಲ ಉಜ್ಜಿದ್ದಳು. ಅವರು ಮುಚ್ಚಳ ತೆಗೆದು, ಉರಿಸಿ, ನನ್ನನ್ನು ಹತ್ತಿರ ಕರೆದು ತೋರಿಸಿದರು. ನೀಲಿಯಾಗಿ, ಚೂಪಾಗಿ, ಸ್ಥಿರವಾಗಿ ನಿಲ್ಲಬೇಕಾದ ಜ್ವಾಲೆ ದೀಪಾವಳಿಯ ಹಣತೆಯಂತೆ ಹಳದಿಯಾಗಿ ಓಲಾಡುತ್ತಿತ್ತು. ಒಳಗೆಲ್ಲ ಮಸಿ.

ಆಮೇಲೆ ಅವರು ಗೋಡೆಯಲ್ಲಿ ಏನೋ ಹುಡುಕತೊಡಗಿದರು. ಫ್ರಿಜ್ಜನ್ನು ಎಳೆದಾಗ ಅದು ಸಿಕ್ಕಿತು: ಗಾಳಿಯಾಡಲೆಂದು ಬಿಟ್ಟ ತೂತಿನ ಇಟ್ಟಿಗೆ. ಯಾರೋ ಹಿಂದಿನವರು ಚಳಿಗಾಳಿ ಬರುತ್ತದೆಂದು ಅದಕ್ಕೆ ರಟ್ಟು ಒತ್ತಿ ಮೇಲೆ ಟೇಪು ಅಂಟಿಸಿದ್ದರು.

ಅವರು ಹೆಚ್ಚು ಮಾತಾಡಲಿಲ್ಲ. ಬಾಯ್ಲರಿನ ಗ್ಯಾಸ್ ಕಟ್ಟಿದರು. ‘ಅಪಾಯ, ಬಳಸಬೇಡಿ’ ಎಂಬ ಚೀಟಿಯನ್ನು ಕಟ್ಟಿ, ಮಗಳ ಸಹಿ ಪಡೆದರು. ಹೊರಗೆ ಎರಡು ಡಿಗ್ರಿ ಚಳಿ. ಹೋಗುವ ಮುನ್ನ ಕಪಾಟಿನ ನಕ್ಷೆ ನೋಡಿ ಅವರು ಕೇಳಿದ ಪ್ರಶ್ನೆ ನನ್ನ ಕಿವಿಯಲ್ಲಿ ಇನ್ನೂ ಇದೆ: ‘ಇಷ್ಟು ದೊಡ್ಡ ಚಿಮಣಿ ಹಾಕುತ್ತೀರಲ್ಲ, ಅದು ಗಾಳಿಯನ್ನು ಎಲ್ಲಿಂದ ಎಳೆಯುತ್ತದೆ ಎಂದು ಯೋಚಿಸಿದ್ದೀರಾ?’

ನಾವು ಯೋಚಿಸಿರಲಿಲ್ಲ. ಓದುಗರೂ ಒಂದು ಕ್ಷಣ ಯೋಚಿಸಬೇಕು. ಹಳೆಯ ಮಾದರಿಯ ಬಾಯ್ಲರ್ ಉರಿಯಲು ಬೇಕಾದ ಗಾಳಿಯನ್ನು ಕೋಣೆಯಿಂದಲೇ ತೆಗೆದುಕೊಳ್ಳುತ್ತದೆ. ಉರಿದ ಅನಿಲ ಬಿಸಿಯಾಗಿರುವುದರಿಂದ ತಾನಾಗಿ ಮೇಲೇರಿ ಹೊಗೆಕೊಳವೆಯಿಂದ ಹೊರಹೋಗುತ್ತದೆ. ಅದನ್ನು ತಳ್ಳುವ ಫ್ಯಾನು ಇಲ್ಲ. ಅದೇ ಕೋಣೆಯಲ್ಲಿ ಬಲವಾದ ಚಿಮಣಿ ಹಾಕಿ, ಕಿಟಕಿ ಬಾಗಿಲು ಮುಚ್ಚಿ, ಗಾಳಿಯ ತೂತನ್ನೂ ಮುಚ್ಚಿದರೆ ಏನಾಗುತ್ತದೆ? ಚಿಮಣಿ ಕೋಣೆಯ ಗಾಳಿಯನ್ನು ಹೊರದಬ್ಬುತ್ತದೆ. ಬದಲಿ ಗಾಳಿ ಬರಲು ಉಳಿದಿರುವ ದಾರಿ ಬಾಯ್ಲರಿನ ಹೊಗೆಕೊಳವೆ. ಮೇಲೆ ಹೋಗಬೇಕಾದ ಹೊಗೆ ಹಿಂದಿರುಗಿ ಅಡುಗೆಮನೆಗೆ ಇಳಿಯುತ್ತದೆ. ಮೇಲಿನಿಂದ ಅದಕ್ಕೊಂದು ಕಪಾಟನ್ನೂ ತೊಡಿಸಿದರೆ ಇದ್ದಬದ್ದ ಗಾಳಿಯೂ ಕಡಿಮೆ. ಮೂರು ತಿಂಗಳಿಂದ ಮೇಜಿನ ಮೇಲಿಟ್ಟುಕೊಂಡು ಮೆಚ್ಚುತ್ತಿದ್ದ ನಕ್ಷೆ ಇದು. ಆ ಅಡುಗೆಮನೆ ನಮ್ಮನ್ನೆಲ್ಲ ಮಲಗಿಸಿಬಿಡುತ್ತಿತ್ತೇನೋ.

ಆ ಹೊಗೆಯಲ್ಲಿ ಇರುವ ಅಪಾಯದ ಹೆಸರು ಕಾರ್ಬನ್ ಮಾನಾಕ್ಸೈಡ್. ಹೈಸ್ಕೂಲಿನ ಮಕ್ಕಳಿಗೆ ಇದು ಗೊತ್ತು. ಮೀಥೇನಿಗೆ ಸಾಕಷ್ಟು ಆಮ್ಲಜನಕ ಸಿಕ್ಕರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಆಗುತ್ತದೆ. ಸಾಲದೆ ಹೋದರೆ ದಹನ ಅಪೂರ್ಣವಾಗಿ ಇಂಗಾಲದ ಒಂದಷ್ಟು ಭಾಗ ಮಸಿಯಾಗುತ್ತದೆ, ಒಂದಷ್ಟು ಮಾನಾಕ್ಸೈಡ್ ಆಗುತ್ತದೆ. ಹಳದಿ ಜ್ವಾಲೆ ಹೇಳುವುದು ಅದನ್ನೇ. ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಗ್ಯಾಸ್ ಸೋರಿದರೆ ಮೂಗಿಗೆ ತಿಳಿಯುತ್ತದೆ, ಏಕೆಂದರೆ ಅದಕ್ಕೆ ಬೇಕೆಂದೇ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಉರಿದ ಮೇಲೆ ಹುಟ್ಟುವ ವಿಷಕ್ಕೆ ಆ ವಾಸನೆ ಇರುವುದಿಲ್ಲ. ‘ಗ್ಯಾಸ್ ವಾಸನೆ ಬರಲಿಲ್ಲವಲ್ಲ’ ಎಂಬ ಧೈರ್ಯಕ್ಕೆ ಇಲ್ಲಿ ಬೆಲೆಯಿಲ್ಲ.

ಅಣುತೂಕದ ಪಾಠವನ್ನೂ ನೆನಪು ಮಾಡಿಕೊಳ್ಳಬಹುದು. ಗಾಳಿಯ ಸರಾಸರಿ ಅಣುತೂಕ ಸುಮಾರು 29. ಮೀಥೇನಿನದು 16, ಸೋರಿದರೆ ಮೇಲೇರುತ್ತದೆ. ನಮ್ಮ ಸಿಲಿಂಡರಿನ ಪ್ರೋಪೇನ್ 44, ಬ್ಯುಟೇನ್ 58. ಸೋರಿದರೆ ನೆಲದ ಮೇಲೆ ನೀರಿನಂತೆ ಹರಡುತ್ತವೆ. ಮಾನಾಕ್ಸೈಡ್ 28. ಅದು ಮೇಲೂ ನಿಲ್ಲದು, ಕೆಳಗೂ ಕೂರದು, ಇಡೀ ಕೋಣೆಯ ಗಾಳಿಯಲ್ಲಿ ಬೆರೆತುಬಿಡುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಉಸಿರಾಡುತ್ತಲೇ ಮನುಷ್ಯನಿಗೆ ಉಸಿರು ಸಾಲದಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು; ಜ್ವರ ಮಾತ್ರ ಇರುವುದಿಲ್ಲ. ಮನೆಯಿಂದ ಹೊರಗೆ ಹೋದರೆ ಕಡಿಮೆ, ಬಂದರೆ ಮತ್ತೆ ಶುರು.

ಇದನ್ನು ಮೊದಲು ಶಿಸ್ತಾಗಿ ಅಳೆದವರಲ್ಲಿ ಒಬ್ಬರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. 1890ರ ದಶಕದಲ್ಲಿ ಅವರು ಈ ಅನಿಲವನ್ನು ತಾವೇ ಉಸಿರಾಡಿ, ಏನೇನಾಗುತ್ತದೆ ಎಂದು ಬರೆದಿಟ್ಟುಕೊಂಡರು. ಗಣಿಗೆ ಇಳಿಯುವವರು ಇಲಿ, ಹಕ್ಕಿಗಳಂಥ ಚಿಕ್ಕ ಜೀವಿಗಳನ್ನು ಜತೆಗೊಯ್ಯಲಿ, ಮನುಷ್ಯನಿಗಿಂತ ಮೊದಲು ಅವಕ್ಕೆ ತಟ್ಟುತ್ತದೆ ಎಂದು ಸಲಹೆ ಕೊಟ್ಟವರೂ ಅವರೇ. ಅಲ್ಲಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳ ಜಾಗಕ್ಕೆ ಯಂತ್ರಗಳು ಬರಬೇಕೆಂದು ತೀರ್ಮಾನವಾದದ್ದು 1986ರಲ್ಲಿ! ಈ ಹಾಲ್ಡೇನರ ಮಗನೇ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಕಲ್ಕತ್ತಕ್ಕೆ ಬಂದು, ಭಾರತದ ಪೌರರಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಮಗಳ ಮನೆಯಲ್ಲಿ ಕ್ಯಾನರಿ ಇರಲಿಲ್ಲ. ಸೂರಿನಲ್ಲಿ ದುಂಡನೆಯ ಬಿಳಿ ಡಬ್ಬಿ ಇತ್ತು, ‘ಅಲಾರಂ ಇದೆಯಲ್ಲ’ ಎಂದು ಎಲ್ಲರೂ ನಂಬಿದ್ದರು. ಅದು ಹೊಗೆಯ ಅಲಾರಂ. ಮಾನಾಕ್ಸೈಡಿನ ಅಲಾರಮ್ಮೇ ಬೇರೆ. ಆ ಸಂಜೆಯೇ ಅಳಿಯ ಹೋಗಿ ಒಂದನ್ನು ತಂದ.

ಮುಂದಿನ ಐದು ದಿನ ಮನೆಯಲ್ಲಿ ಶಾಖವಿಲ್ಲ. ಸೀರೆಯ ಮೇಲೆ ಎರಡು ಸ್ವೆಟರು, ಅದರ ಮೇಲೆ ಅಳಿಯನ ಕೋಟು ತೊಟ್ಟ ನಮ್ಮಾಕೆ ಕೆಟಲಿನಲ್ಲಿ ನೀರು ಕಾಯಿಸಿ ಬಕೆಟಿಗೆ ಸುರಿಯುತ್ತಿದ್ದಳು. ಎರಡನೆಯ ದಿನ ಬೆಳಿಗ್ಗೆ ತಾನಾಗಿಯೇ ಹೇಳಿದಳು: ‘ಇವತ್ತು ತಲೆನೋವಿಲ್ಲ.’ ಮಗಳು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅಮ್ಮನ ಮುಖವನ್ನೇ ನೋಡುತ್ತ ನಿಂತಳು. ಆ ತಲೆನೋವು ಬಾಯ್ಲರಿನದೇ ಎಂದು ನಾನು ಪ್ರಮಾಣ ಮಾಡಲಾರೆ. ಒಳ್ಳೆಯ ಗಾಳಿ ಸಿಕ್ಕರೆ ನಾಲ್ಕೈದು ಗಂಟೆಯಲ್ಲಿ ರಕ್ತದಲ್ಲಿನ ಮಾನಾಕ್ಸೈಡ್ ಅರ್ಧಕ್ಕಿಳಿಯುತ್ತದೆ, ಪರೀಕ್ಷೆ ಮಾಡಿಸುವ ಹೊತ್ತಿಗೆ ತಡವಾಗಿತ್ತು. ಆದರೆ ಅದು ಮತ್ತೆ ಬರಲಿಲ್ಲ. ಕಪಾಟಿನ ದುಡ್ಡಿನಿಂದ ಮೂರು ಸಾವಿರ ಪೌಂಡು ತೆಗೆಯುವ ವಿಷಯದಲ್ಲಿ ಆಮೇಲೆ ಯಾರೂ ವಾದ ಮಾಡಲಿಲ್ಲ.

ಹೊಸದಕ್ಕೆ ಏನು ಬರಬೇಕು? ಈಗ ಗ್ಯಾಸ್ ಬೇಡವೇ ಬೇಡ, ಹೊರಗಿನ ಗಾಳಿಯಿಂದಲೇ ಶಾಖ ಎಳೆಯುವ ಹೀಟ್ ಪಂಪ್ ಹಾಕಿಸಿ ಎಂದು ಅಲ್ಲಿನ ಸರ್ಕಾರ ಹೇಳುತ್ತಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದಕ್ಕೆ ಕೊಡುವ ಸಹಾಯಧನವನ್ನು 2023ರ ಅಕ್ಟೋಬರಿನಲ್ಲಿ 7,500 ಪೌಂಡಿಗೆ ಏರಿಸಿತು. ಮಗಳು ಅದನ್ನೂ ವಿಚಾರಿಸಿದಳು. ಅದಕ್ಕೆ ರೇಡಿಯೇಟರುಗಳು ದೊಡ್ಡವಾಗಬೇಕು, ನೀರಿನ ಟ್ಯಾಂಕಿಗೆ ಜಾಗ ಬೇಕು, ವಾರಗಟ್ಟಲೆ ತಯಾರಿ ಬೇಕು. ಚಳಿಗಾಲದ ನಡುವೆ ಶಾಖ ನಿಂತ ಮನೆಗೆ ಅಷ್ಟು ಕಾಯುವ ಶಕ್ತಿ ಇರಲಿಲ್ಲ. ಬಾಯ್ಲರ್ ಕೆಡುವ ಮೊದಲೇ ಯೋಚಿಸಿದವರಿಗೆ ಮಾತ್ರ ಆಯ್ಕೆ ಇರುತ್ತದೆ ಎಂಬುದು ಆಗ ತಿಳಿಯಿತು. ಕೊನೆಗೆ ಬಂದದ್ದು 24 ಕಿಲೋವ್ಯಾಟಿನ ಹೊಸ ಗ್ಯಾಸ್ ಬಾಯ್ಲರ್.

24 ಯಾಕೆ? ಮೊಮ್ಮಗಳು ಕೇಳಿದಳು, ಇಬ್ಬರೂ ಕಾಗದದ ಮೇಲೆ ಲೆಕ್ಕ ಹಾಕಿದೆವು. ಸ್ನಾನದ ಷವರಿಗೆ ನಿಮಿಷಕ್ಕೆ 10 ಲೀಟರ್ ನೀರು, ಅದರ ಬಿಸಿ 35 ಡಿಗ್ರಿ ಏರಬೇಕು. 10ನ್ನು 35ರಿಂದ, ಆಮೇಲೆ 4.2ರಿಂದ ಗುಣಿಸಿದರೆ ನಿಮಿಷಕ್ಕೆ 1,470 ಕಿಲೋಜೂಲ್. 60ರಿಂದ ಭಾಗಿಸಿದರೆ 24.5 ಕಿಲೋವ್ಯಾಟ್. ನಮ್ಮ ಊರಿನ ಬಚ್ಚಲ ವಿದ್ಯುತ್ ಗೀಸರ್ 2 ಕಿಲೋವ್ಯಾಟಿನದು. 15 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿ ಏರಿಸಲು ಅದಕ್ಕೆ 13 ನಿಮಿಷ ಬೇಕು. ಕಾಯುವ ವ್ಯವಧಾನವಿದ್ದರೆ ಚಿಕ್ಕ ಉರಿ ಸಾಕು. ನಲ್ಲಿ ತಿರುಗಿಸಿದ ಕೂಡಲೇ ಬೇಕೆಂದರೆ ದೊಡ್ಡ ಉರಿ, ದೊಡ್ಡ ಉರಿಗೆ ಬೇಕಾದಷ್ಟು ಗಾಳಿ.

ಹೊಸ ಬಾಯ್ಲರ್ ಗಾಳಿಯನ್ನು ಕೋಣೆಯಿಂದ ತೆಗೆದುಕೊಳ್ಳುವುದಿಲ್ಲ. ಕೊಳವೆಯೊಳಗೊಂದು ಕೊಳವೆ. ಹೊರಗಿನದರಲ್ಲಿ ಬಯಲ ಗಾಳಿ ಒಳಬರುತ್ತದೆ, ಒಳಗಿನದರಲ್ಲಿ ಉರಿದ ಅನಿಲವನ್ನು ಫ್ಯಾನು ಹೊರದಬ್ಬುತ್ತದೆ. ಉರಿಯುವ ಜಾಗಕ್ಕೂ ಅಡುಗೆಮನೆಯ ಗಾಳಿಗೂ ಸಂಬಂಧವೇ ಇಲ್ಲ.

ಇನ್ನೊಂದು ಜಾಣತನವೂ ಅದರಲ್ಲಿದೆ. 16 ಗ್ರಾಂ ಮೀಥೇನ್ ಉರಿದರೆ 36 ಗ್ರಾಂ ನೀರು ಹುಟ್ಟುತ್ತದೆ. ಒಂದು ಕಿಲೋ ಗ್ಯಾಸಿಗೆ ಎರಡೂಕಾಲು ಕಿಲೋ ನೀರು! ಹಳೆಯ ಬಾಯ್ಲರುಗಳಲ್ಲಿ ಅದು ಹಬೆಯಾಗಿ, ಗುಪ್ತೋಷ್ಣವನ್ನು ಹೊತ್ತುಕೊಂಡು ಆಕಾಶಕ್ಕೆ ಹೋಗುತ್ತಿತ್ತು. ಗ್ಯಾಸಿನ ಒಟ್ಟು ಶಾಖದ ಸುಮಾರು ಹತ್ತನೇ ಒಂದು ಭಾಗ ಹೀಗೆ ಪೋಲು. ಹೊಸದರಲ್ಲಿ ರೇಡಿಯೇಟರುಗಳಿಂದ ತಣ್ಣಗಾಗಿ ಮರಳುವ ನೀರು ಆ ಹಬೆಯನ್ನು ತಣಿಸಿ ನೀರಾಗಿಸುತ್ತದೆ, ಗುಪ್ತೋಷ್ಣ ಮನೆಗೇ ದಕ್ಕುತ್ತದೆ. ಆದರೆ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ. ಬಾಯ್ಲರನ್ನು 80 ಡಿಗ್ರಿಗೆ ಇಟ್ಟು ಉರಿಸಿದರೆ ಈ ಲಾಭ ಬಹುಪಾಲು ಕೈಬಿಡುತ್ತದೆ. 60ಕ್ಕೆ ಇಳಿಸಿಕೊಳ್ಳಿ ಎಂದು 2022ರಲ್ಲಿ ಅಲ್ಲಿನ ಸರ್ಕಾರವೇ ಜನರಿಗೆ ಹೇಳಿತು. ಇಂಗ್ಲೆಂಡಿನಲ್ಲಿ 2005ರ ಏಪ್ರಿಲ್‌ನಿಂದ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರುಗಳು, ಕೆಲವು ವಿನಾಯಿತಿ ಬಿಟ್ಟರೆ, ಈ ಬಗೆಯವೇ ಆಗಿರಬೇಕು.

ಈಗ ಮುಖ್ಯ ವಿಷಯ. ಇದನ್ನೆಲ್ಲ ಅಡುಗೆಮನೆಗಿಂತ ಮೊದಲು ಮಾಡಿಸಿದ್ದರಿಂದ ಏನು ಉಳಿಯಿತು ಎಂಬುದನ್ನು ಕಣ್ಣಾರೆ ಕಂಡೆ. ಹೊಸ ಕೊಳವೆಗೆ ಗೋಡೆಯಲ್ಲಿ ಹೊಸ ತೂತು ಕೊರೆದರು, ಅದು ತೆರೆಯುವ ಕಿಟಕಿಯಿಂದ ದೂರವಿರಬೇಕು. ಹಳೆಯ ಗ್ಯಾಸ್ ಕೊಳವೆ ಸಣ್ಣದಾಯಿತೆಂದು ನೆಲ ಅಗೆದು ದಪ್ಪನೆಯದನ್ನು ಹಾಸಿದರು. ತಣಿದ ಹಬೆಯ ನೀರು ತುಸು ಹುಳಿ, ಅದು ಸಿಂಕಿನ ಚರಂಡಿಗೆ ಸೇರಲು ಪ್ಲಾಸ್ಟಿಕ್ ಕೊಳವೆ ಹಾಕಿದರು. ಇದನ್ನು ಆದಷ್ಟು ಮನೆಯೊಳಗೇ ಒಯ್ಯಬೇಕು. 2010ರ ಡಿಸೆಂಬರಿನ ಕೊರೆಯುವ ಚಳಿಯಲ್ಲಿ ಮನೆಯ ಹೊರಗೆ ಹಾಯಿಸಿದ್ದ ಇಂಥ ಕೊಳವೆಗಳು ಹೆಪ್ಪುಗಟ್ಟಿ ಬ್ರಿಟನ್ನಿನಲ್ಲಿ ಎಷ್ಟೋ ಬಾಯ್ಲರುಗಳು ನಿಂತುಹೋಗಿದ್ದವು. ರೇಡಿಯೇಟರುಗಳನ್ನು ತೊಳೆದಾಗ ಕಾಡಿಗೆಯಂಥ ಕಪ್ಪು ನೀರು ಬಂತು. ಇಷ್ಟು ವರ್ಷ ಒಳಗೇ ಕೂಡಿದ್ದ ಕಬ್ಬಿಣದ ಕಿಲುಬು ಅದು. ಇವಿಷ್ಟೂ ನಡೆದದ್ದು ಹೇಗೂ ಒಡೆಯಬೇಕಾಗಿದ್ದ ಹಳೆಯ ನೆಲ, ಹಳೆಯ ಗೋಡೆಗಳ ಮೇಲೆ. ‘ಕೆಟ್ಟಾಗ ನೋಡೋಣ’ ಎಂದು ಕೂತಿದ್ದರೆ ವರ್ಷದೊಳಗೆ ಹೊಸ ಟೈಲ್ಸನ್ನೂ ಹೊಸ ಕಪಾಟನ್ನೂ ಒಡೆಯಬೇಕಿತ್ತು. ಅದು ದುಡ್ಡಿನ ಲೆಕ್ಕ. ಇನ್ನೊಂದು ಲೆಕ್ಕವನ್ನು ಮೇಲೆ ಹೇಳಿದ್ದೇನೆ.

ಕರ್ನಾಟಕದ ಓದುಗರಿಗೆ ಇಂಗ್ಲೆಂಡಿನ ಬಾಯ್ಲರಿನ ಕತೆ ಯಾಕೆ ಎಂದು ಕೇಳಬಹುದು. ಎರಡು ಕಾರಣ.

ಒಂದು, ನಮ್ಮ ಎಷ್ಟೋ ಮಕ್ಕಳು ಓದಲೆಂದು ಅಲ್ಲಿಗೆ ಹೋಗಿ ಹಳೆಯ ಬಾಡಿಗೆ ಮನೆಗಳಲ್ಲಿ ನಾಲ್ಕೈದು ಮಂದಿ ಸೇರಿ ಇರುತ್ತಾರೆ. ತಂದೆ ತಾಯಂದಿರು ಫೋನಿನಲ್ಲಿ ‘ಊಟ ಆಯಿತಾ, ಸ್ವೆಟರ್ ಹಾಕಿಕೊಂಡೆಯಾ’ ಎಂದು ಕೇಳುತ್ತೇವೆ. ಇನ್ನು ಮುಂದೆ ಮೂರು ಪ್ರಶ್ನೆ ಹೆಚ್ಚಿಗೆ ಕೇಳೋಣ. ಗ್ಯಾಸ್ ತಪಾಸಣೆಯ ಕಾಗದ ತೋರಿಸಿದರೇ? 1998ರ ನಿಯಮದಂತೆ ಮಾಲೀಕರು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ಬಾಡಿಗೆದಾರರಿಗೆ ಅದರ ಪ್ರತಿ ಕೊಡಲೇಬೇಕು. ಬಾಯ್ಲರ್ ಇರುವ ಕೋಣೆಯಲ್ಲಿ ಮಾನಾಕ್ಸೈಡ್ ಅಲಾರಂ ಇದೆಯೇ? ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ ಬಾಡಿಗೆ ಮನೆಗಳಲ್ಲಿ ಅದು ಕಡ್ಡಾಯ. ಗಾಳಿಯ ತೂತನ್ನು ಯಾರಾದರೂ ಮುಚ್ಚಿದ್ದಾರೆಯೇ? ಕೇಳಿದರೆ ಮಾಲೀಕರು ಬೇಜಾರು ಮಾಡಿಕೊಂಡಾರು ಎಂದು ನಮ್ಮ ಮಕ್ಕಳು ಸಂಕೋಚಪಡುತ್ತಾರೆ. ಇದು ದಾಕ್ಷಿಣ್ಯದ ವಿಷಯವಲ್ಲ. ಸಂಶಯ ಬಂದರೆ ಬಾಯ್ಲರ್ ಆರಿಸಿ, ಕಿಟಕಿ ತೆರೆದು, ಹೊರಗೆ ಬಂದು, ಅಲ್ಲಿನ ಗ್ಯಾಸ್ ತುರ್ತು ಸಂಖ್ಯೆ 0800 111 999ಕ್ಕೆ ಕರೆ ಮಾಡಬೇಕು. ಹಗಲೂ ರಾತ್ರಿಯೂ ಉತ್ತರಿಸುತ್ತಾರೆ.

ಎರಡನೆಯ ಕಾರಣ ನಮ್ಮ ಮನೆಯೊಳಗೇ ಇದೆ. ಬೆಂಗಳೂರಿನಲ್ಲಿ ಬಾಗಿಲು ಮುಚ್ಚಿದ ಪುಟ್ಟ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿ ಸ್ನಾನಕ್ಕೆ ಹೋದವರು ಹೊರಗೆ ಬಾರದೇ ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಅನಿಲ ಅದೇ, ಕಾರಣ ಅದೇ. ಗೀಸರನ್ನು ಬಚ್ಚಲ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ ನೀರನ್ನಷ್ಟೇ ಒಳಗೆ ತರಬೇಕು. ಅದು ಆಗುವವರೆಗೆ ಕಿಟಕಿ ತೆರೆದಿಟ್ಟು, ಬಕೆಟು ತುಂಬಿಸಿಕೊಂಡು, ಗೀಸರ್ ಆರಿಸಿ, ಒಳಗಿನ ಗಾಳಿ ಹೊರಹೋದ ಮೇಲೆಯೇ ಸ್ನಾನಕ್ಕೆ ಹೋಗಬೇಕು. ಮನೆಗೆ ಬಣ್ಣ ಹೊಡೆಸುವಾಗ, ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸುವಾಗ ಮೇಸ್ತ್ರಿಯನ್ನು ಮೊದಲು ಕೇಳಬೇಕಾದ್ದು ಗಾಳಿಯ ಕಿಂಡಿಯ ಬಗ್ಗೆ. ಸೊಳ್ಳೆ ಬರುತ್ತದೆ, ಧೂಳು ಬರುತ್ತದೆ ಎಂದು ನಾವೂ ಅದಕ್ಕೆ ರಟ್ಟು ಒತ್ತಿದವರೇ.

ನಾವು ಹೊರಡುವ ಹೊತ್ತಿಗೆ ಮಗಳ ಅಡುಗೆಮನೆ ಮುಗಿದಿತ್ತು. ಬಾಗಿಲುಗಳಿಗೆ ತಿಳಿಹಸಿರು ಬಣ್ಣವೇ ಗೆದ್ದಿತು. ಚಿಮಣಿಯೂ ಬಂತು, ಮೊದಲ ಒಗ್ಗರಣೆಯನ್ನು ನಮ್ಮಾಕೆಯೇ ಹಾಕಿದಳು. ಕಪಾಟುಗಳ ಸಂಖ್ಯೆ ಮಾತ್ರ ನಕ್ಷೆಯಲ್ಲಿದ್ದುದಕ್ಕಿಂತ ಎರಡು ಕಡಿಮೆ. ಗೋಡೆಯ ಮೇಲಿನ ಮಾನಾಕ್ಸೈಡ್ ಅಲಾರಮಿನ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ಪರೀಕ್ಷಿಸುವ ಕೆಲಸ ಮೊಮ್ಮಗಳದು. ಒತ್ತಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನನಗೆ ಫೋನು ಮಾಡುತ್ತಾಳೆ. ಆ ಸದ್ದನ್ನು ಫೋನಿನಲ್ಲೇ ಕೇಳಿಸುತ್ತಾಳೆ.